ಗುಡಿಸದೆ ಬಿಟ್ಟ ಕಟ್ಟೆ

ಯಾವ ಊರಿಗೆ ಹೋದರೂ ನಾನು ಮೊದಲು ನೋಡುವುದು ನೆಲವನ್ನು. ಕೋಟೆ, ಗುಮ್ಮಟ, ಗೋಪುರ ಎಲ್ಲ ಆಮೇಲೆ. ಹೋದ ವರ್ಷ ಮನೆಯವರನ್ನೆಲ್ಲ ಕರೆದುಕೊಂಡು ವಿಜಯಪುರಕ್ಕೆ ಹೋಗಿದ್ದೆ. ಎಲ್ಲರೂ ಕತ್ತೆತ್ತಿ ಗುಮ್ಮಟ ನೋಡುತ್ತಿದ್ದರೆ ನಾನು ಹೊರಗೆ ಒಂದು ಮರದ ಬುಡದಲ್ಲಿ ಬಿದ್ದಿದ್ದ ಶೇಂಗಾ ಸಿಪ್ಪೆ, ಐಸ್‌ಕ್ರೀಮ್ ಕಡ್ಡಿ, ಊಟ ಕಟ್ಟಿ ತಂದ ಕಾಗದ ನೋಡುತ್ತ ನಿಂತಿದ್ದೆ. ಏನಾದರೂ ಕಳೆದುಕೊಂಡಿರಾ ಎಂದು ಹೆಂಡತಿ ಕೇಳಿದಳು. ಇಲ್ಲ, ಜನ ಕೂತು ಉಣ್ಣುವುದು ಇಲ್ಲಿ, ಬೆಂಚು ಹಾಕಿದ್ದು ಮಾತ್ರ ಅಲ್ಲಿ ಬಿಸಿಲಲ್ಲಿ, ನೋಡು ಎಂದೆ. ಅವಳು ಹಣೆ ಚಚ್ಚಿಕೊಂಡು ಮಕ್ಕಳನ್ನು ಕರೆದುಕೊಂಡು ಮುಂದೆ ಹೋದಳು.

ಈ ಚಟ ಹತ್ತಿಸಿದವರು ಸುರಪುರದಲ್ಲಿ ಬೀದಿ ಗುಡಿಸುತ್ತಿದ್ದ ಒಬ್ಬ ಹೆಂಗಸು. ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದಾಗ ನಾನು ಯಾದಗಿರಿಯ ಕಚೇರಿಯಲ್ಲಿ ಇನ್ಯಾವುದೋ ಊರಿನ ಕೆರೆ ದಂಡೆಯ ನಕ್ಷೆ ಬಿಡಿಸಿಕೊಂಡು ಕೂತಿದ್ದೆ. ಮಣ್ಣಿಗೆ ಹೋಗಲು ಆಗಲಿಲ್ಲ. ಫೋನು ಮಾಡಿದವರು ಮಾಡುವ ಹೊತ್ತಿಗೇ ಎಲ್ಲ ಮುಗಿದಿತ್ತು. ಆ ದಿನ ನಕ್ಷೆಯ ಮೇಲೆ ಒಂದು ಗೆರೆಯನ್ನೂ ಎಳೆಯದೆ ಮನೆಗೆ ಬಂದೆ. ನಾನು ಇಂದು ಅಷ್ಟೋ ಇಷ್ಟೋ ಕೆಲಸ ಬಲ್ಲ ಎಂಜಿನಿಯರ್ ಆಗಿದ್ದರೆ ಅದು ಅವರಿಂದ. ಇದನ್ನು ಅವರು ಬದುಕಿದ್ದಾಗ ನಾನು ಬಾಯಿಬಿಟ್ಟು ಹೇಳಲಿಲ್ಲ ಎಂಬ ಕೊರಗಿಗೇ ಈಗ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆಯಬೇಡಿ ಎಂದವರು ಅವರೇ. ಯಾಕೆ ಎಂಬುದು ಮುಂದೆ ಬರುತ್ತದೆ.

ನಾನು ಶಹಾಪುರದವನು. ಸುರಪುರದ ನಗರಸಭೆಗೆ ಜೂನಿಯರ್ ಎಂಜಿನಿಯರ್ ಆಗಿ ಬಂದಾಗ ಮೂವತ್ತು ತುಂಬಿರಲಿಲ್ಲ. ಅದೇ ತಾನೇ ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿದ್ದೆ. ಹಳೆಯ ಪಟ್ಟಣಗಳ ಸಾರ್ವಜನಿಕ ಸ್ಥಳಗಳು ಮತ್ತು ಸುಸ್ಥಿರ ನಗರಾಭಿವೃದ್ಧಿ ಎಂಬುದು ವಿಷಯ. ಏಸಿ ಸಭಾಂಗಣ, ಬಿಸ್ಕೀಟು, ಪರದೆಯ ಮೇಲೆ ಪರದೇಶದ ಚೌಕಗಳ ಚಿತ್ರ. ಅಲ್ಲಿ ಕೊಟ್ಟ ಸೆಣಬಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಅದರೊಳಗೆ ಅಮ್ಮಿ ಕಟ್ಟಿಕೊಟ್ಟ ಊಟದ ಡಬ್ಬಿ ಇಟ್ಟುಕೊಂಡು, ದಿನಾ ಶಹಾಪುರದಿಂದ ಬಸ್ಸಿಗೆ ಬರುತ್ತಿದ್ದೆ. ನಮ್ಮ ಕಡೆ ಇದಕ್ಕೆ ಅಪ್ ಅಂಡ್ ಡೌನ್ ಎನ್ನುತ್ತೇವೆ. ಹತ್ತೂವರೆಗೆ ಬರುವುದು, ಐದಕ್ಕೆ ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡುವುದು. ಊರಿನ ಅರ್ಧ ನೌಕರರ ಬದುಕು ಹಾಗೆಯೇ ನಡೆಯುತ್ತದೆ, ನಾನೇನು ಹೊಸದಾಗಿ ಹುಡುಕಿದ್ದಲ್ಲ.

ನನ್ನ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ ಹಳೆ ಊರಿನ ಒಂದು ಚೌಕದ ಅಭಿವೃದ್ಧಿ. ನಡುವೆ ಕಲ್ಲಿನ ಬಾವಿ, ಪಕ್ಕದಲ್ಲಿ ಬೇವಿನ ಮರ, ಮೂಡಲ ಕಡೆ ರಸ್ತೆ ಮತ್ತು ಚಹಾದಂಗಡಿ. ಪಡುವಲ ಕಡೆ, ಒಂದು ಕಾಲದಲ್ಲಿ ಊರಬಾಗಿಲಾಗಿದ್ದ ಅಗಸಿಯ ಎತ್ತರದ ಗೋಡೆ ಉಳಿದುಕೊಂಡಿತ್ತು. ಆ ಗೋಡೆಯ ಆಚೆ ಮಗ್ಗುಲಿಗೆ, ಅದಕ್ಕೇ ಬೆನ್ನು ಕೊಟ್ಟು, ಶಹಾಬಾದಿ ಫರಸಿಕಲ್ಲು ಹಾಸಿದ ಉದ್ದನೆಯ ಕಟ್ಟೆ. ರಸ್ತೆಯಲ್ಲಿ ನಿಂತವರಿಗೆ ಬಾವಿ ಕಾಣುತ್ತದೆ, ಮರ ಕಾಣುತ್ತದೆ, ಗೋಡೆ ಕಾಣುತ್ತದೆ. ಆ ಕಟ್ಟೆ ಕಾಣುವುದಿಲ್ಲ.

ಚೌಕದ ಅಳತೆಗೆ ಹೋದ ದಿನವೇ ಅವರನ್ನು ನೋಡಿದ್ದು. ಐವತ್ತು ದಾಟಿದ ಹೆಂಗಸು, ಸಣಕಲು ಮೈ, ಸೀರೆಯ ಮೇಲೆ ಕಚೇರಿ ಕೊಟ್ಟ ಕಿತ್ತಳೆ ಬಣ್ಣದ ಜಾಕೀಟು, ಉದ್ದ ಕೋಲಿಗೆ ಕಟ್ಟಿದ ಕಸಬರಿಗೆ. ಟೇಪಿನ ಒಂದು ತುದಿ ಹಿಡಿಯಲು ಯಾರೂ ಇರಲಿಲ್ಲ. "ಏ ಬಾಯಿ, ಇದನ್ನ ಹಿಡಿ" ಎಂದೆ. ಅವರು ಕಸಬರಿಗೆಯನ್ನು ಗೋಡೆಗೆ ಆನಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಟೇಪು ಹಿಡಿದರು. ನನ್ನ ವಯಸ್ಸಿನವನು ಅವರ ವಯಸ್ಸಿನವರನ್ನು ಹಾಗೆ ಕರೆಯಬಾರದಿತ್ತು. ಆಮೇಲೆ ಅಕ್ಕ ಎಂದೆ, ಕೊನೆಗೆ ಅವ್ವ ಎಂದೆ. ಆ ಮೊದಲ ದಿನದ "ಏ ಬಾಯಿ"ಯನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವರು ಗುಡಿಸುವ ರೀತಿಯೇ ಬೇರೆ ಇತ್ತು. ಬೇರೆಯವರು ಬಂದ ಕೂಡಲೇ ಕಸಬರಿಗೆ ಆಡಿಸಲು ಶುರು ಮಾಡುತ್ತಾರೆ. ಇವರು ಬೆಳಿಗ್ಗೆ ಐದೂವರೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಚೌಕವನ್ನೆಲ್ಲ ಒಂದು ಸುತ್ತು ನೋಡುತ್ತಿದ್ದರಂತೆ. ಯಾಕೆ ಎಂದು ಒಮ್ಮೆ ಕೇಳಿದೆ.

"ನಿನ್ನಿ ಏನೇನ್ ಆತು ಅಂತ ನೋಡಬೇಕಲ್ರಿ. ಕಸಾ ಹೊಡದ ಮ್ಯಾಲ ಏನ್ ಉಳೀತದ?" ಎಂದರು.

ನಾವು ಪೇಪರ್ ಓದುವ ಹಾಗೆ ಅವರು ಕಸ ಓದುತ್ತಿದ್ದರು. ಮಾತ್ರೆಯ ಖಾಲಿ ಪಟ್ಟಿ ಕಂಡರೆ ಯಾರಿಗೋ ಜ್ವರ ಎಂದು ಗೊತ್ತು. ಹೊಸ ಬ್ರ್ಯಾಂಡಿನ ಬೀಡಿ ತುಂಡು ಕಂಡರೆ ಕಡೇಚೂರಿನ ಕಾರ್ಖಾನೆಗೆ ಹೋದವರು ರಜೆಗೆ ಬಂದಿದ್ದಾರೆ ಎಂದು ಗೊತ್ತು. ಬೇವಿನ ಮರದ ಕೆಳಗೆ ದಿನಾ ಮೂರು ಚುಟ್ಟದ ತುಂಡು ಸಿಗುತ್ತಿದ್ದವು. ಅವು ಹತ್ತಿರದ ಓಣಿಯ ಒಬ್ಬ ಹಳೇ ದರ್ಜಿಯವು. ಒಮ್ಮೆ ಎರಡು ದಿನ ಒಂದೂ ಸಿಗಲಿಲ್ಲ. ಮೂರನೇ ದಿನ ಇವರು ಕಸಬರಿಗೆ ಹಿಡಿದುಕೊಂಡೇ ಹೋಗಿ ಅವನ ಬಾಗಿಲು ಬಡಿದರು. ಒಳಗೆ ಕಾಲು ಜಾರಿ ಬಿದ್ದು ಏಳಲಾಗದೆ ಮಲಗಿದ್ದನಂತೆ. ಜನ ಸೇರಿಸಿ ದವಾಖಾನೆಗೆ ಸಾಗಿಸಿದರು. "ಚುಟ್ಟಾ ಸೇದವ ಸುಮ್ ಸುಮ್ನ ಚುಟ್ಟಾ ಬಿಡ್ತಾನೇನ್ರಿ? ಬಿಟ್ಟಾನಂದ್ರ ಏನೋ ಆಗ್ಯಾದ" ಎಂದು ಇದನ್ನು ತೀರಾ ಸಣ್ಣ ಸಂಗತಿ ಎಂಬಂತೆ ಹೇಳಿದರು.

ಅವರಿಗೆ ಶೇಂಗಾ ಎಂದರೆ ಪ್ರಾಣ. ಜಾಕೀಟಿನ ಜೇಬಿನಲ್ಲಿ ಸದಾ ಒಂದು ಹಿಡಿ ಇರುತ್ತಿತ್ತು. ನಿಂತುಕೊಂಡೇ ಒಡೆದು ತಿನ್ನುತ್ತಿದ್ದರು, ಸಿಪ್ಪೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. "ನಾ ಕಸಾ ಮಾಡಂಗಿಲ್ರಿ, ನಾ ಕಸಾ ಹೊಡಿಯಾಕಿ" ಎನ್ನುತ್ತಿದ್ದರು. ಅವರು ನೆಲಕ್ಕೆ ಒಂದು ಸಿಪ್ಪೆ ಹಾಕಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅವರು ಎಲ್ಲಾದರೂ ಕೂತಿದ್ದನ್ನೂ ಯಾರೂ ನೋಡಿರಲಿಲ್ಲ.

ಒಂದೇ ಒಂದು ಆಸೆ ಅವರಿಗಿತ್ತು. ಎಷ್ಟೋ ವರ್ಷದಿಂದ ತಾತ್ಕಾಲಿಕ ನೌಕರಿ. ಖಾಯಂ ಆದವರ ಹೆಸರು ಹಾಜರಿ ಪುಸ್ತಕದಲ್ಲಿ ಮಸಿಯಲ್ಲಿರುತ್ತಿತ್ತು, ತಾತ್ಕಾಲಿಕದವರದು ಪೆನ್ಸಿಲ್ಲಿನಲ್ಲಿ. "ಅಳಸಾಕ ಅನುಕೂಲ ಆಗಲಿ ಅಂತ್ರಿ" ಎಂದು ನಗುತ್ತಿದ್ದರು. ಆ ವರ್ಷ ಖಾಯಂ ಮಾಡುವವರ ಪಟ್ಟಿ ತಯಾರಾಗುತ್ತಿತ್ತು, ಅದರಲ್ಲಿ ಅವರ ಹೆಸರೂ ಇತ್ತು. ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ. ಈ ಪಟ್ಟಿ ತಪ್ಪಿದರೆ ಮುಗಿಯಿತು. ಕಡತದಲ್ಲಿ ಒಂದು ಕಪ್ಪು ಚುಕ್ಕೆ ಬಿದ್ದರೂ ಹೆಸರು ಹೋಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ಕಚೇರಿಗೆಲ್ಲ ಗೊತ್ತಿತ್ತು.

ಇನ್ನು ನನ್ನ ನಕ್ಷೆಯ ವಿಷಯ. ನಾಲ್ಕು ಸಲ ಸ್ಥಳ ಪರಿಶೀಲನೆ ಮಾಡಿದ್ದೆ. ಎರಡು ಸಲ ನಡುಹಗಲು, ಎರಡು ಸಲ ನಾಲ್ಕರ ಸುಮಾರಿಗೆ. ನಾಲ್ಕೂ ಸಲ ಗೋಡೆಯ ಹಿಂದಿನ ಕಟ್ಟೆಯ ಮೇಲೆ ಬಿಸಿಲು ಸುರಿಯುತ್ತಿತ್ತು, ಒಂದು ನಾಯಿ ಕೂಡ ಮಲಗಿರಲಿಲ್ಲ. ವರದಿಯಲ್ಲಿ ಬರೆದೆ: ಖಾಲಿ ಜಾಗ, ಬಳಕೆಯಲ್ಲಿಲ್ಲ. ಅದನ್ನು ಒಡೆದು ಬೈಕು ನಿಲ್ಲಿಸುವ ಜಾಗ ಮಾಡುವುದು, ಬಾವಿಯ ಸುತ್ತ ಹೊಳೆಯುವ ಗ್ರಾನೈಟಿನ ಬೆಂಚು ಹಾಕುವುದು ಎಂದು ಬಿಡಿಸಿದೆ. ಪರದೆಯ ಮೇಲೆ ನೋಡಿದ ಚೌಕಗಳಿಗಿಂತ ಏನೂ ಕಡಿಮೆ ಇರಲಿಲ್ಲ ಎಂದು ನನ್ನ ಅಭಿಪ್ರಾಯ. ಮಂಜೂರಾಯಿತು. ಗುತ್ತಿಗೆದಾರನಿಗೆ ಕಾರ್ಯಾದೇಶವೂ ಹೋಯಿತು. ಸೋಮವಾರ ಕಟ್ಟೆ ಒಡೆಯುವುದು ಎಂದು ನಿಕ್ಕಿಯಾಯಿತು.

ಅದರ ಹಿಂದಿನ ವಾರ ಅವರು ಕಚೇರಿಯ ಬಾಗಿಲಿಗೆ ಬಂದು ನಿಂತರು.

"ಸಾಹೇಬ್ರ, ಆ ಕಟ್ಟಿ ಒಡೀತೀರಂತ?"

"ಹೌದು. ಯಾರೂ ಕುಂದ್ರಂಗಿಲ್ಲಲ್ಲ ಅಲ್ಲಿ."

"ಕುಂದರ್ತಾರ್ರಿ. ಹೆಣ್ಮಕ್ಕಳು ಕುಂದರ್ತಾರ. ನೀವು ಮುಂಜಾನಿ ಏಳಕ್ಕ ಬಂದು ನೋಡ್ರಿ."

ಏಳಕ್ಕೆ ಎಂದರೆ ನಾನು ಶಹಾಪುರದಲ್ಲಿ ಐದೂವರೆಗೆ ಎದ್ದು ಮೊದಲ ಬಸ್ಸು ಹಿಡಿಯಬೇಕು. "ನಾಲ್ಕು ಸಲ ನೋಡೀನಿ ಅಕ್ಕ, ಸಾಕು" ಎಂದು ನಗೆಯಾಡಿ ಕಳಿಸಿದೆ. ಅವರು ಒಂದು ಗಳಿಗೆ ನಿಂತು ನನ್ನ ಮೇಜಿನ ಮೇಲಿನ ನಕ್ಷೆಯನ್ನು ನೋಡಿದರು, ಚೌಕವನ್ನು ನೋಡುತ್ತಿದ್ದ ಹಾಗೆಯೇ, ಸೊಂಟದ ಮೇಲೆ ಕೈಯಿಟ್ಟು. ಆಮೇಲೆ ಹೋದರು.

ಗುರುವಾರ ನಾನು ಬಸ್ಸಿಳಿದು ಕಚೇರಿಗೆ ನಡೆದು ಬರುತ್ತಿದ್ದಾಗ ಚೌಕದ ಮೂಲೆಯಲ್ಲಿ ಕಾಯುತ್ತಿದ್ದರು. ಹೊತ್ತು ಹತ್ತೂವರೆ. ಅವರ ಕೆಲಸ ಮುಗಿದು ಎರಡು ತಾಸಾಗಿರಬೇಕು.

"ಸಾಹೇಬ್ರ, ನೀವು ಮುಂಜಾನಿಗಿ ಬರವಲ್ಲಿರಿ. ಅದಕ್ಕ ಮುಂಜಾನಿನ್ನ ನಿಮಗಂತ ಇಟಗೊಂಡೀನಿ. ಬರ್ರಿ."

ಗೋಡೆಯ ಹಿಂದೆ ಕರೆದುಕೊಂಡು ಹೋದರು. ಚೌಕವೆಲ್ಲ ಚೊಕ್ಕಟವಾಗಿತ್ತು. ಕಟ್ಟೆ ಮಾತ್ರ ಗುಡಿಸಿರಲಿಲ್ಲ, ನಿನ್ನೆಯಿಂದಲೂ ಗುಡಿಸಿರಲಿಲ್ಲ. ಎರಡು ದಿನದ ಕಸ ಬಿದ್ದಲ್ಲೇ ಬಿದ್ದಿತ್ತು. ಗೋಡೆಯ ನೆರಳು ಇನ್ನೂ ಒಂದು ಮೊಳ ಉಳಿದಿತ್ತು, ಅದೂ ಸರಿಯುತ್ತಿತ್ತು.

"ಓದ್ರಿ" ಎಂದರು.

ಏನು ಓದುವುದು ಎಂದು ನನಗೆ ತಿಳಿಯಲಿಲ್ಲ. ಅವರು ಕಸಬರಿಗೆಯ ಕೋಲಿನ ತುದಿಯಿಂದ ಒಂದೊಂದನ್ನೇ ತೋರಿಸಿದರು. ರೊಟ್ಟಿಯ ಚೂರಿಗೆ ಇರುವೆ ಮುತ್ತಿದ್ದವು. ಎಂದರೆ ಬುತ್ತಿ ಬಿಚ್ಚಿ ಉಂಡವರಿದ್ದಾರೆ. ಹೂವಿನ ತೊಟ್ಟು, ಒಡೆದ ಹಸಿರು ಬಳೆಯ ಚೂರು. ಮೂಲೆಯಲ್ಲಿ, ಗೋಡೆ ಒಳಗೆ ಬಾಗಿದ ಕಡೆ, ಮಗುವಿನ ಒಂದು ಉಣ್ಣೆಯ ಕಾಲುಚೀಲ. "ಹಾಲ ಕುಡಸೋರು ಆ ಮೂಲ್ಯಾಗ ಕುಂದರ್ತಾರ್ರಿ, ಚಹಾದಂಗಡಿ ಗಂಡಸರ ಕಣ್ಣು ಅಲ್ಲಿಗಿ ಮುಟ್ಟಂಗಿಲ್ಲ" ಎಂದರು. ದವಾಖಾನೆಯ ಚೀಟಿ ಒಂದು. ಅರ್ಧ ತುಂಬಿ ತಪ್ಪಾಗಿ ಬಿಸಾಕಿದ ಅರ್ಜಿ ಒಂದು. ಎಲ್ಲಕ್ಕಿಂತ ಹೆಚ್ಚು ಬಸ್ಸಿನ ಟಿಕೆಟುಗಳು, ಸಣ್ಣಗೆ ಮಡಚಿದವು, ಉಂಡೆ ಮಾಡಿದವು.

"ನನಗ ಅಕ್ಷರ ಬರಂಗಿಲ್ಲ. ನೀವ ಓದ್ರಿ."

ಬಗ್ಗಿ ಆರಿಸಿದೆ. ಕಕ್ಕೇರಾ. ಕೆಂಭಾವಿ. ಮತ್ತೆ ಕಕ್ಕೇರಾ. ದರ ಸೊನ್ನೆ, ಸೊನ್ನೆ, ಸೊನ್ನೆ.

"ಸೊನ್ನಿ ಮಾತ್ರ ನಾ ಗುರ್ತು ಹಿಡೀತೀನ್ರಿ" ಎಂದರು. "ಸೊನ್ನಿ ಟಿಕೀಟು ಹೆಣ್ಮಕ್ಕಳಿಗಷ್ಟ ಕೊಡ್ತಾರ. ಈಗ ಹೇಳ್ರಿ, ಈ ಜಾಗಾ ಖಾಲಿ ಅದ ಏನು?"

ಹಳ್ಳಿಗಳಿಂದ ಮೊದಲ ಬಸ್ಸಿಗೆ ಬರುವ ಹೆಂಗಸರು ಅವರು. ದವಾಖಾನೆಗೆ, ತಾಲೂಕು ಕಚೇರಿಗೆ, ಸಂತೆಗೆ. ಯಾವ ಬಾಗಿಲೂ ಹತ್ತರವರೆಗೆ ತೆರೆಯುವುದಿಲ್ಲ. ಅಲ್ಲಿಯವರೆಗೆ ನೆರಳಿರುವ, ಯಾರ ಕಣ್ಣಿಗೂ ಬೀಳದ ಜಾಗ ಇಡೀ ಹಳೆ ಊರಲ್ಲಿ ಇದೊಂದೇ. ಹತ್ತಕ್ಕೆ ಅವರು ಏಳುತ್ತಾರೆ, ಹತ್ತೂವರೆಗೆ ನಾನು ಬಸ್ಸಿಳಿಯುತ್ತೇನೆ. ನಾನು ಊರನ್ನು ಅಳೆದದ್ದು ನನ್ನ ಬಸ್ಸಿನ ಟೈಮಿನಲ್ಲಿ. ನನ್ನ ಸೆಣಬಿನ ಚೀಲವನ್ನು ಅಲ್ಲೇ ಬಾವಿಗೆ ಹಾಕಬೇಕು ಅನಿಸಿತು.

ಅಷ್ಟರಲ್ಲಿ ಇನ್ನೊಂದು ಆಗಿಹೋಯಿತು. ನಮ್ಮ ಕಚೇರಿಯ ಹೆಲ್ತ್ ಇನ್ಸ್‌ಪೆಕ್ಟರ್ ಆ ಕಡೆ ಬಂದರು. ಹತ್ತೂವರೆಯ ಬಿಸಿಲಿನಲ್ಲಿ ಗುಡಿಸದ ಕಟ್ಟೆ, ಪಕ್ಕದಲ್ಲಿ ಕಸಬರಿಗೆ ಹಿಡಿದು ನಿಂತ ಗುಡಿಸುವವರು. "ಏನಿದು? ಎರಡ್ ದಿನದ ಕಸಾ ಅದ ಅಲ್ಲ?" ಎಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ನಾನು ಏನೋ ಹೇಳಲು ಬಾಯಿ ತೆಗೆದೆ. ಅವರು ಕೇಳಿಸಿಕೊಳ್ಳದೆ ಹೋದರು. ಅವರ ತಪ್ಪೇನೂ ಇಲ್ಲ, ಅದು ಅವರ ಕೆಲಸ. ಮಧ್ಯಾಹ್ನದ ಹೊತ್ತಿಗೆ ನೋಟಿಸು ತಯಾರಾಯಿತು: ಕರ್ತವ್ಯ ಲೋಪ, ಎರಡು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು.

ಶುಕ್ರವಾರ ನಾನು ಮೊದಲ ಬಸ್ಸಿಗೆ ಸುರಪುರಕ್ಕೆ ಬಂದೆ. ಏಳೂ ಕಾಲಿಗೆ ಗೋಡೆಯ ಮರೆಯಲ್ಲಿ ನಿಂತು ಇಣುಕಿದೆ. ಕಟ್ಟೆ ತುಂಬಿತ್ತು. ಬುತ್ತಿ ಬಿಚ್ಚಿದ್ದರು, ಒಬ್ಬಾಕೆ ಇನ್ನೊಬ್ಬಾಕೆಯ ತಲೆ ಬಾಚುತ್ತಿದ್ದಳು, ಯಾರೋ ಯಾರದೋ ಸೊಸೆಯನ್ನು ಆಡಿಕೊಂಡು ನಗುತ್ತಿದ್ದರು. ಮೂಲೆಯಲ್ಲಿ ಸೆರಗು ಹೊದ್ದು ಒಬ್ಬಳು ಮಗುವನ್ನು ಮಡಿಲಿಗೆ ಹಾಕಿಕೊಂಡಿದ್ದಳು, ಅವರು ಕೋಲಿನಿಂದ ತೋರಿಸಿದ್ದ ಜಾಗದಲ್ಲೇ. ನಾನು ಹಿಂದಕ್ಕೆ ಸರಿದುಬಿಟ್ಟೆ. ಅಲ್ಲಿ ನನಗೇನು ಕೆಲಸ?

ಅದೇ ಮಧ್ಯಾಹ್ನ ಅವರು ನೋಟಿಸು ಹಿಡಿದುಕೊಂಡು ಬಂದರು. "ಉತ್ತರ ಬರ್ಕೊಡ್ರಿ. ಬರೆಯೋರು ಮತ್ಯಾರದಾರ ನನಗ."

ನನಗೆ ಸಮಾಧಾನವಾಯಿತು. ಇದನ್ನಾದರೂ ಮಾಡಬಲ್ಲೆ ಎಂದುಕೊಂಡು ಚಕಚಕನೆ ಬರೆದೆ. ಎಂಜಿನಿಯರರ ಮೌಖಿಕ ಸೂಚನೆಯಂತೆ, ಸಮೀಕ್ಷೆಯ ಸಲುವಾಗಿ ಸದರಿ ಕಟ್ಟೆಯನ್ನು ಗುಡಿಸದೆ ಬಿಡಲಾಗಿತ್ತು. ಜೋರಾಗಿ ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಲು ಮಸಿಯ ಡಬ್ಬಿ ಮುಂದಿಟ್ಟೆ.

ಅವರು ಕೈ ಚಾಚಲಿಲ್ಲ. "ನೀವು ಯಾವಾಗ ಹೇಳಿದ್ರಿ?"

"ಹೇಳಿಲ್ಲ ಅವ್ವ. ಆದ್ರ ಹಿಂಗ ಬರದ್ರ ನಿಮಗೇನೂ ಆಗಂಗಿಲ್ಲ. ಖಾಯಂ ಪಟ್ಟ್ಯಾಗ ಹೆಸರು ಉಳೀತದ."

ಅವ್ವ ಎಂದು ಕರೆದದ್ದು ಅವತ್ತೇ ಮೊದಲು. ಅವರಿಗೆ ಅದು ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ನನಗೇನೂ ಆಗಂಗಿಲ್ಲ, ಖರೆ. ಕಟ್ಟಿಗಿ?" ಎಂದರು. "ನೀವು ಹೇಳಿದ್ರಿ, ನಾ ಬಿಟ್ಟೆ ಅಂದ್ರ ಕಸದ್ ಮಾತು ಅಲ್ಲಿಗೇ ಮುಗೀತು. ನಿಮ್ಮ ನಕ್ಷಾ ಖರೇನ ಉಳೀತದ. ಸೋಮವಾರ ಬಂದು ಒಡೀತಾರ. ಹಂಗಿದ್ರ ನಾ ಎರಡ್ ದಿನ ಕಸಾ ನೋಡಕೋತ ಯಾಕ ನಿಂತಿದ್ದೆ?"

"ಮತ್ತೇನು ಬರೀಲಿ?"

"ಇದ್ದದ್ದು ಬರೀರಿ. ನಕ್ಷಾದಾಗ ಕಟ್ಟಿ ಖಾಲಿ ಅಂತ ಬರದಾರ, ಅದು ಖಾಲಿ ಇಲ್ಲ. ಹೇಳಿದ್ರ ಕೇಳಲಿಲ್ಲ. ತೋರ್ಸಾಕಂತ ಬಿಟ್ಟೀನಿ. ನಾನಾ ಬಿಟ್ಟೀನಿ, ಯಾರೂ ಹೇಳಿಲ್ಲ."

ಅದನ್ನು ಬರೆದರೆ ಸಾಲದು. ಅದರ ಜೊತೆ ನನ್ನದೊಂದು ಟಿಪ್ಪಣಿ ಇಲ್ಲದಿದ್ದರೆ ಅವರ ಮಾತನ್ನು ಯಾರು ನಂಬುತ್ತಾರೆ? ಎಂದರೆ ನನ್ನ ವರದಿ ತಪ್ಪು, ನಾನು ತಪ್ಪು ಹೊತ್ತಿನಲ್ಲಿ ನೋಡಿದ್ದೇನೆ, ಮಂಜೂರಾದ ನಕ್ಷೆಯನ್ನು ತಡೆಯಬೇಕು ಎಂದು ನಾನೇ ಸಹಿ ಮಾಡಿ ಕಡತಕ್ಕೆ ಹಾಕಬೇಕು. ನೌಕರಿಗೆ ಸೇರಿ ಎರಡು ವರ್ಷ ಕೂಡ ಆಗಿರಲಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತೆ. ಅವರಿಗೆ ಕೂಡಿರಿ ಎಂದೆ, ಕೂಡಲಿಲ್ಲ. ಇವರು ತಮ್ಮ ಕೈಗೆ ಬರಲಿದ್ದ ಖಾಯಂ ಹುದ್ದೆಯನ್ನು, ಮುಖ ಪರಿಚಯವೂ ಇಲ್ಲದ ಹೆಂಗಸರ ನೆರಳಿಗಾಗಿ ಪಣಕ್ಕೆ ಇಟ್ಟಿದ್ದಾರೆ. ನಾನು ಒಂದು ಸಹಿಗೆ ಬೆವರುತ್ತಿದ್ದೇನೆ. ಮೊದಲ ಹಾಳೆಯನ್ನು ಹರಿದು ಹಾಕಿ, ಅವರ ಉತ್ತರ, ನನ್ನ ಟಿಪ್ಪಣಿ ಎರಡನ್ನೂ ಬರೆದೆ. ಹರಿದ ಚೂರು ನೆಲಕ್ಕೆ ಬಿದ್ದಿತ್ತು. ಅವರು ಬಗ್ಗಿ ಆರಿಸಿ ಸೆರಗಿಗೆ ಕಟ್ಟಿಕೊಂಡು ಹೋದರು.

ಶನಿವಾರ ದೊಡ್ಡ ಸಾಹೇಬರು ಕರೆಸಿದರು. ಕಡತ ಅವರ ಮುಂದೆ ಬಿಚ್ಚಿತ್ತು, ನಾನು ಕಟ್ಟೆಯಿಂದ ಆರಿಸಿ ತಂದು ಅದಕ್ಕೆ ಅಂಟಿಸಿದ್ದ ಹನ್ನೊಂದು ಸೊನ್ನೆ ಟಿಕೆಟುಗಳೂ. "ಅಲ್ರೀ, ತಪ್ಪಾಗ್ಯಾದ ಅಂತ ಕಡತದಾಗ ಯಾರರ ಬರೀತಾರೇನ್ರಿ?" ಎಂದರು. "ಇಷ್ಟ್ ವರ್ಷ ನೌಕ್ರಿ ಮಾಡೀನಿ, ಹಿಂಗ ಬರದದ್ದು ಒಂದೂ ನೋಡಿಲ್ಲ." ನಾನು ತಲೆ ತಗ್ಗಿಸಿ ನಿಂತಿದ್ದೆ. ಬೈದರು, ಚೆನ್ನಾಗಿಯೇ ಬೈದರು. ಬೈದು ಮುಗಿದ ಮೇಲೆ ಟಿಕೆಟುಗಳನ್ನು ಒಂದೊಂದಾಗಿ ನೋಡುತ್ತ ಕೂತರು. ಆಮೇಲೆ ಗುತ್ತಿಗೆದಾರನಿಗೆ ಫೋನು ಹಚ್ಚಿ, ಸೋಮವಾರ ಬರಬೇಡ ಎಂದರು. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ದಾಖಲಾಯಿತು. ಅವ್ವನಿಗೆ ಕೊಟ್ಟ ನೋಟಿಸನ್ನು ಕೈಬಿಟ್ಟರು. ಆ ಎಚ್ಚರಿಕೆಯ ಹಾಳೆಯ ಒಂದು ಪ್ರತಿಯನ್ನು ನಾನು ಇವತ್ತಿಗೂ ಮನೆಯಲ್ಲಿ ಇಟ್ಟುಕೊಂಡಿದ್ದೇನೆ.

ಹೊಸ ನಕ್ಷೆಯನ್ನು ನಾನು ಬಿಡಿಸಿದೆ ಎನ್ನುವುದಕ್ಕಿಂತ ಅವರು ಹೇಳಿದ್ದನ್ನು ಬರೆದುಕೊಂಡೆ ಎನ್ನುವುದು ನಿಜ. ಒಂದು ವಾರ ಮೊದಲ ಬಸ್ಸಿಗೆ ಬಂದು ಅವರ ಹಿಂದೆ ಸುತ್ತಿದೆ. ಎಲ್ಲೆಲ್ಲಿ ಕಸ ಬೀಳುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಕಟ್ಟೆಯ ಎದ್ದ ಫರಸಿಗಳನ್ನು ಕೂಡಿಸಿ ಹಾಗೇ ಉಳಿಸಿದೆವು. ಬೈಕುಗಳು ರಸ್ತೆಯ ಆಚೆ ಹೋದವು. ಗ್ರಾನೈಟು ಬಿಟ್ಟು ಬೇವಿನ ಮರದ ಸುತ್ತಲೂ ಫರಸಿಯನ್ನೇ ಹಾಕಿದೆವು. "ಆ ಹೊಳಿಯೋ ಕಲ್ಲು ಹಾಕಬ್ಯಾಡ್ರಿ, ಮಧ್ಯಾಹ್ನ ಹಪ್ಪಳಾ ಸುಟ್ಟಂಗ ಸುಡತದ" ಎಂದಿದ್ದರು. ಗೋಡೆಯ ಮಗ್ಗುಲಿಗೆ ಒಂದು ನೀರಿನ ನಳ ಬಂತು. ಕಸದ ಡಬ್ಬಿಯನ್ನು ನಾನು ಕಟ್ಟೆಯ ಪಕ್ಕ ಇಡಿಸಿದ್ದೆ, ಅದನ್ನೂ ಎತ್ತಿಸಿದರು. "ಕುಂತಾಕಿ ಒಗ್ಯಾಕಂತ ಏಳಂಗಿಲ್ಲ. ಎದ್ದು ಹೋಗೋ ಹಾದ್ಯಾಗ ಇಡ್ರಿ, ಹೋಗೋವಾಗ ಒಗದು ಹೋಗ್ತಾರ." ಹಾಗೇ ಆಯಿತು. ಈ ಒಂದು ಮಾತನ್ನು ನಾನು ಆಮೇಲೆ ಎಷ್ಟೋ ಊರುಗಳಲ್ಲಿ ನನ್ನದೇ ಬುದ್ಧಿ ಎಂಬಂತೆ ಹೇಳಿ ಹೊಗಳಿಸಿಕೊಂಡಿದ್ದೇನೆ. ಅದರ ಋಣವನ್ನು ಇಲ್ಲಿಯಾದರೂ ಒಪ್ಪಿಕೊಳ್ಳಬೇಕು.

ಖಾಯಂ ಆದೇಶ ಬಂದ ದಿನ ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನು ಮಸಿಯಲ್ಲಿ ಬರೆದರು. ಓದಲು ಬಾರದವರು ಆ ಸಾಲಿನ ಮೇಲೆ ಬೆರಳಾಡಿಸಿ, ಬೆರಳನ್ನು ತಿರುಗಿಸಿ ನೋಡಿಕೊಂಡರು. ಏನೂ ಹತ್ತಿರಲಿಲ್ಲ. "ಅಳಸಂಗಿಲ್ಲ ಬಿಡ್ರಿ" ಎಂದರು. ಆ ದಿನ ಕಚೇರಿಗೆಲ್ಲ ಶೇಂಗಾ ಹಂಚಿದರು.

ಚೌಕದ ಉದ್ಘಾಟನೆಗೆ ಶಿಲಾಫಲಕ ಕೆತ್ತಿಸುವಾಗ, ಮಾನ್ಯರ ಹೆಸರುಗಳ ಕೆಳಗೆ ಅವರದೂ ಒಂದು ಇರಲಿ ಎಂದು ನಾನು ಗಂಟು ಬಿದ್ದೆ. ದೊಡ್ಡ ಸಾಹೇಬರು ಒಪ್ಪಿದರು. ಒಪ್ಪದವರು ಅವರೇ. "ನನ್ನ ಹೆಸರ ಹಾಜರಿ ಬುಕ್ಕಿನಾಗ ಬಂತು, ಸಾಕು. ಇನ್ನ ಎಲ್ಲೂ ಬರೀಬ್ಯಾಡ್ರಿ. ಕಲ್ಲಿನ ಮ್ಯಾಲ ಬರಸ್ತೀರಿ, ಯಾವನರ ಬಂದು ಅದರ ಮ್ಯಾಗ ಎಲಿ ಅಡಕಿ ಉಗಳ್ತಾನ, ಮತ್ತ ನಾನಾ ತೊಳೀಬೇಕು." ಎಲ್ಲರೂ ನಕ್ಕೆವು. ಆದರೆ ಬರೆಯಬೇಡಿ ಎಂದದ್ದು ನಗೆಯಾಟಕ್ಕಲ್ಲ. ಅದಕ್ಕೇ ಇಲ್ಲಿಯೂ ಬರೆದಿಲ್ಲ.

ಉದ್ಘಾಟನೆ ಮುಗಿದು ಜನ ಚದುರಿದ ಮೇಲೆ ಅವರನ್ನು ಗೋಡೆಯ ಹಿಂದೆ ಕರೆದುಕೊಂಡು ಹೋಗಿ, "ಒಂದ್ ಗಳಿಗಿ ಕುಂದ್ರಿ ಅವ್ವ, ನಿಮ್ಮ ಕಟ್ಟಿ ಇದು" ಎಂದೆ. ಕೂಡಲಿಲ್ಲ. ಸೇವೆಯಲ್ಲಿರುವವರೆಗೆ ಕೂಡುವುದಿಲ್ಲ ಎಂದರು. ಅದು ಒಂದು ಕಾರಣ. ಇನ್ನೊಂದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು, ಅವರ ಮನೆ ಇದ್ದ ಓಣಿ ಯಾವುದು ಎಂಬುದು ಊರಿಗೆ ಗೊತ್ತಿತ್ತು. ಆ ಕಟ್ಟೆಯಲ್ಲಿ ಬುತ್ತಿ ಬಿಚ್ಚುವ ಹೆಂಗಸರಲ್ಲಿ ಕೆಲವರು, ಇವರು ಗುಡಿಸುತ್ತ ಹತ್ತಿರ ಬಂದರೆ ಸೆರಗನ್ನೂ ಗಂಟನ್ನೂ ಎಳೆದುಕೊಂಡು ಸರಿಯುವುದನ್ನು ನಾನು ಆ ಮೊದಲ ಬಸ್ಸಿನ ವಾರದಲ್ಲಿ ನೋಡಿದ್ದೆ. ಅವರಿಗಾಗಿಯೇ ಇವರು ತಮ್ಮದನ್ನೆಲ್ಲ ಪಣಕ್ಕಿಟ್ಟದ್ದು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇವರಿಗೆ ಬರುತ್ತಿತ್ತೋ ಇಲ್ಲವೋ, ಮುಖದಲ್ಲಿ ಎಂದೂ ಕಾಣಲಿಲ್ಲ.

ಅವರು ನಿವೃತ್ತರಾದ ದಿನ ಕಚೇರಿಯಲ್ಲಿ ಶಾಲು, ಹಾರ, ಎರಡು ಮಾತು ಆಯಿತು. ನನಗೂ ಮಾತಾಡಲು ಹೇಳಿದರು. ಎದ್ದು ನಿಂತು ಕೈಮುಗಿದು ಕೂತುಬಿಟ್ಟೆ. ಹೇಳಬೇಕಾದದ್ದನ್ನು ನಾಳೆ ಅವರ ಮನೆಗೇ ಹೋಗಿ ಹೇಳಿದರಾಯಿತು ಎಂದುಕೊಂಡು ಮರುದಿನ ಮೊದಲ ಬಸ್ಸಿಗೆ ಬಂದೆ.

ಮನೆಯವರೆಗೆ ಹೋಗಬೇಕಾಗಲಿಲ್ಲ. ಗೋಡೆಯ ಹಿಂದೆ ನೋಡಿದರೆ ಅವರು ಕಟ್ಟೆಯ ಮೇಲೆ ಕೂತಿದ್ದರು. ಜಾಕೀಟು ಇರಲಿಲ್ಲ, ಹೊಸ ಸೀರೆ ಉಟ್ಟಿದ್ದರು. ಒಂದು ಬದಿಗಲ್ಲ, ಮೂಲೆಗಲ್ಲ, ನಟ್ಟನಡುವೆ, ಕಾಲು ಇಳಿಬಿಟ್ಟುಕೊಂಡು. ಮೊದಲ ಬಸ್ಸಿನ ಹೆಂಗಸರು ಆಗಲೇ ಬಂದಿದ್ದರು. ಒಬ್ಬಿಬ್ಬರು ದೂರ ಸರಿದು ಕೂತಿದ್ದರು, ಒಬ್ಬಳು ಪಕ್ಕದಲ್ಲೇ ಕೂತು ಮಗುವಿನ ಮೂಗು ಒರೆಸುತ್ತಿದ್ದಳು. ಇವರು ಯಾರ ಕಡೆಗೂ ನೋಡುತ್ತಿರಲಿಲ್ಲ. ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಒಡೆಯುತ್ತಿದ್ದರು. ನನ್ನನ್ನು ಕಂಡು ಒಂದು ಹಿಡಿ ಕೊಟ್ಟರು. ನಾನು ನಿಂತೇ ಒಂದನ್ನು ಒಡೆದು ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡೆ, ಅವರ ಜೊತೆಯಲ್ಲಿ ಅದೇ ರೂಢಿಯಾಗಿತ್ತು. ಆಗ ಗಮನಿಸಿದೆ: ಅವರ ಸೆರಗಿನಲ್ಲಿ ಗಂಟಿರಲಿಲ್ಲ. ಸಿಪ್ಪೆಗಳೆಲ್ಲ ಅವರ ಕಾಲ ಬಳಿ ಫರಸಿಯ ಮೇಲೆ ಬಿದ್ದಿದ್ದವು.

"ಅವ್ವ, ನೀವ ಕಸಾ ಚೆಲ್ಲಾಕತ್ತೀರಲ್ಲ?" ಎಂದೆ.

"ಚೆಲ್ಲವಲ್ಲೆ ಸಾಹೇಬ್ರ, ಇಡಾಕತ್ತೀನಿ" ಎಂದರು. "ನಾಳಿ ಮುಂಜಾನಿ ನನ್ನ ಜಾಗಾಕ್ಕ ಬಂದಾಕಿ ಕಸಾ ಹೊಡಿಯಾಕ ಬರ್ತಾಳ. ನೋಡಿ ಹೊಡಿ ಅಂತ ಹೇಳಿಕೊಟ್ಟೀನಿ. ಇಲ್ಲಿ ನಾನೂ ಕುಂತಿದ್ದೆ ಅಂತ ಆಕಿಗಿ ಗೊತ್ತಾಗಬೇಕು."

ಹೀಗೆಂದು ಇನ್ನೊಂದು ಶೇಂಗಾ ಒಡೆದರು.